ಹೀರೋ ಪಕ್ಕಕ್ಕಿಡಿ, ಮೊದಲು ವಿಲನ್ ಬರೆಯಿರಿ

ನಮ್ಮ ಕಿರುಚಿತ್ರದ ಗುಂಪಿಗೆ ನೀವು ಕಳಿಸಿದ ಔಟ್‌ಲೈನ್ ಓದಿದೆ. ಇಪ್ಪತ್ತು ನಿಮಿಷದ ಸೂಪರ್‌ಹೀರೋ ಕಿರುಚಿತ್ರ, ಹೀರೋ ಒಬ್ಬ ಕೊರಿಯರ್ ಹುಡುಗ, ಅವನ ಡ್ರೆಸ್ಸಿಗೆ ಆನ್‌ಲೈನಲ್ಲಿ ತರಿಸುವ ರಬ್ಬರ್ ಸೂಟ್. ಅದರಲ್ಲಿ ಹನ್ನೆರಡು ನಿಮಿಷ ಹೀರೋ ಬಾಲ್ಯ, ಶಕ್ತಿ ಬರುವುದು, ಟ್ರೈನಿಂಗ್. ವಿಲನ್ ಕೊನೆಯ ಐದು ನಿಮಿಷಕ್ಕೆ ಬಂದು ಒದೆ ತಿಂದು ಹೋಗುತ್ತಾನೆ. ಈ ಗುಂಪಿಗೆ ಬರುವ ಸ್ಕ್ರಿಪ್ಟ್‌ಗಳು ಜಾಸ್ತಿ ಹೀಗೇ ಇರುತ್ತವೆ. ದಯವಿಟ್ಟು ಹೀಗೇ ಶೂಟಿಂಗಿಗೆ ಹೋಗಬೇಡಿ.

'ಮಿನ್ನಲ್ ಮುರಳಿ' ಇನ್ನೊಮ್ಮೆ ನೋಡಿ. ಬೇಸಿಲ್ ಜೋಸೆಫ್ ಅವರ ಮಲಯಾಳಂ ಸಿನಿಮಾ, 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಕನ್ನಡ ಡಬ್ಬಿಂಗ್ ಇದೆ, ಆದರೂ ಸಬ್‌ಟೈಟಲ್ ಹಾಕಿಕೊಂಡು ಮಲಯಾಳಂನಲ್ಲೇ ನೋಡಿ. ಮುಂದೆ ಕಥೆ ಹೇಳಿಬಿಡುತ್ತೇನೆ, ನೋಡದವರು ಇಲ್ಲಿಗೇ ನಿಲ್ಲಿಸಿ.

ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿಯುತ್ತದೆ. ಹೀರೋ ಆಗುವ ಟೈಲರ್ ಜೈಸನ್‌ಗೂ, ವಿಲನ್ ಆಗುವ, ಊರೇ ಹುಚ್ಚ ಅಂತ ದೂರ ಇಟ್ಟ ಶಿಬುವಿಗೂ. ಅಷ್ಟೇ ಉಪಾಯ! ಶಕ್ತಿ ಬಂದ ಕಥೆಯನ್ನು ಒಂದೇ ಏಟಿಗೆ ಮುಗಿಸಿ, ಆ ಶಕ್ತಿ ಯಾರ ಕೈಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಉಳಿದ ಟೈಮ್ ಕೊಟ್ಟಿದ್ದಾರೆ. ಶಿಬುವಿಗೆ ಜಗತ್ತು ಗೆಲ್ಲುವ ಆಸೆ ಏನೂ ಇಲ್ಲ. ಅವನು ಪ್ರೀತಿಸುವ ಉಷಾ ಬೇಕು, ಅವಳ ಮಗಳ ಚಿಕಿತ್ಸೆಗೆ ದುಡ್ಡು ಬೇಕು, ಅದಕ್ಕೇ ಬ್ಯಾಂಕಿಗೆ ನುಗ್ಗುತ್ತಾನೆ. ಎಷ್ಟೋ ವರ್ಷ ಕಾದ ಮೇಲೆ ಉಷಾ ಒಪ್ಪುವ ದೃಶ್ಯ ಇದೆಯಲ್ಲ, ಅಲ್ಲಿ ಶಿಬು ಪಾತ್ರ ಮಾಡಿದ ಗುರು ಸೋಮಸುಂದರಂ ಅಳುತ್ತಿದ್ದಾರೋ ನಗುತ್ತಿದ್ದಾರೋ ಗೊತ್ತೇ ಆಗುವುದಿಲ್ಲ. ಗ್ರಾಫಿಕ್ಸ್ ಇಲ್ಲ, ಬರೀ ಮುಖ. ಆಮೇಲೆ ಶಿಬು ಊರಿನ ಮೇಲೆ ತಿರುಗಿಬಿದ್ದಾಗ ನಮಗೆ ಕೋಪಕ್ಕಿಂತ ಸಂಕಟವೇ ಜಾಸ್ತಿ ಆಗುತ್ತದೆ.

ಹಾಗಾಗಿ ನನ್ನ ಪದ್ಧತಿ ಇದು. ವಿಲನ್ ಕಥೆಯನ್ನು ಬೇರೆ ಫೈಲಿನಲ್ಲಿ, ಅವನೇ ಹೀರೋ ಅನ್ನುವ ಹಾಗೆ ಪೂರ್ತಿ ಬರೆಯಿರಿ. ಅದನ್ನು ಓದಿದವರಿಗೆ ಅವನು ಗೆಲ್ಲಲಿ ಅನ್ನಿಸಬೇಕು. ಅನ್ನಿಸದಿದ್ದರೆ ಹೀರೋ ತಂಟೆಗೇ ಹೋಗಬೇಡಿ.

ಆದರೆ ಈ ಸಿನಿಮಾದ್ದನ್ನೆಲ್ಲ ಕಣ್ಣುಮುಚ್ಚಿ ನಕಲು ಮಾಡಬೇಡಿ. ಶಿಬು ಇಷ್ಟು ಗಟ್ಟಿಯಾದ್ದರಿಂದ ಜೈಸನ್ ತೆಳುವಾಗಿದ್ದಾನೆ. ಅಮೆರಿಕಕ್ಕೆ ಹೋಗಬೇಕು ಅನ್ನುವ ಆಸೆ, ಪೊಲೀಸರ ಮೇಲಿನ ಸಿಟ್ಟು, ಇವೆರಡೂ ಶಿಬುವಿನ ನೋವಿನ ಮುಂದೆ ನಿಲ್ಲುವುದಿಲ್ಲ. ಜೈಸನ್‌ನ ಹೆತ್ತ ತಂದೆಯ ಕಥೆಯೂ ಅನುಕೂಲಕ್ಕೆ ತಂದಿಟ್ಟ ಹಾಗಿದೆ. ಕರಾಟೆ ಕಲಿಸುವ 'ಬ್ರೂಸ್ ಲೀ' ಬಿಜಿಗೆ ಇನ್ನೂ ಕೆಲಸ ಕೊಡಬೇಕಿತ್ತು, ಒಳ್ಳೆ ಪಾತ್ರ ಸುಮ್ನೆ ಹೋಯಿತು. ಶಕ್ತಿಗೆ ಮಿತಿ ಎಲ್ಲಿ ಅಂತಲೂ ಸರಿಯಾಗಿ ಹೇಳಿಲ್ಲ. ನೀವು ಮಾತ್ರ ಒಂದೇ ಶಕ್ತಿ ಕೊಡಿ, ಅದು ಯಾವಾಗ ಕೈಕೊಡುತ್ತದೆ ಅನ್ನುವುದನ್ನೂ ಮೊದಲೇ ತೋರಿಸಿ.

ಡ್ರೆಸ್ ವಿಷಯ. ಅಲ್ಲಿ ಹೀರೋನೇ ಟೈಲರ್, ಆದ್ದರಿಂದ ಡ್ರೆಸ್ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಹೀರೋ ಕೊರಿಯರ್ ಹುಡುಗ ಅಲ್ವಾ? ಮತ್ತೆ ಆನ್‌ಲೈನಲ್ಲಿ ರಬ್ಬರ್ ಸೂಟ್ ಯಾಕೆ ತರಿಸುತ್ತೀರಿ? ರೇನ್‌ಕೋಟು, ಹೆಲ್ಮೆಟ್ಟು ಅವನ ಹತ್ತಿರವೇ ಇದೆ.

ಸ್ಕ್ರಿಪ್ಟ್ ಬರೆಯುವ 'ಫೈನಲ್ ಡ್ರಾಫ್ಟ್' ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಡಿ, ಗೂಗಲ್ ಡಾಕ್ಸ್ ಧಾರಾಳ ಸಾಕು. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಫ್ರೀ ಆವೃತ್ತಿ ಹಾಕಿಕೊಳ್ಳಿ. ಸಣ್ಣಪುಟ್ಟ ಎಫೆಕ್ಟ್‌ಗೆ ಅದರೊಳಗೇ ಫ್ಯೂಷನ್ ಅನ್ನುವ ಭಾಗ ಇದೆ, ನಟರನ್ನು ಎತ್ತಿ ಹಾರಿಸಲು ಕಟ್ಟಿದ ವೈರ್ ಅಳಿಸುವುದಕ್ಕೂ ಆಗುತ್ತದೆ. ಉಳಿದ ದುಡ್ಡಲ್ಲಿ ವಿಲನ್ ಪಾತ್ರಕ್ಕೆ ನಾಟಕದಲ್ಲಿ ಪಳಗಿದ ಒಬ್ಬರನ್ನು ಹುಡುಕಿ, ಅವರಿಗೆ ಸರಿಯಾದ ಸಂಭಾವನೆ ಕೊಡಿ.