ಫೋನಿಗೆ ಬರುವ ವೈಫೈ ಲ್ಯಾಪ್‌ಟಾಪಿಗೆ ಯಾಕೆ ಬರಲ್ಲ?

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೇನೆ. ಹಳೇ ಲ್ಯಾಪ್‌ಟಾಪ್, ವಿಂಡೋಸ್ 10. ಹಗಲು ವೈಫೈ ಚೆನ್ನಾಗಿರುತ್ತದೆ, ಸಂಜೆ ಏಳರ ನಂತರ ಪದೇ ಪದೇ ಕಟ್ ಆಗುತ್ತದೆ. ಅದೇ ಕೋಣೆಯಲ್ಲಿ ಫೋನ್ ಆರಾಮಾಗಿ ಓಡುತ್ತದೆ. ರಿಪೇರಿಯವರು ವೈಫೈ ಕಾರ್ಡ್ ಬದಲಿಸಿ ಅಂತಾರೆ. ಬದಲಿಸಲೇ?

ಉತ್ತರ: ಸ್ವಲ್ಪ ತಡೆಯಿರಿ. ಕಾರ್ಡ್ ಕೆಟ್ಟಿದ್ದರೆ ಹಗಲೂ ಕಾಡಬೇಕಿತ್ತು, ಅಲ್ವಾ?

ಮೊದಲು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ನೋಡಿ. ವೈಫೈ ಸೊರಗಿದರೆ ಎಷ್ಟೋ ಫೋನುಗಳು ಸದ್ದಿಲ್ಲದೆ ಡೇಟಾಕ್ಕೆ ಹಾರುತ್ತವೆ, ನಾವು ಸುಮ್ನೆ ಲ್ಯಾಪ್‌ಟಾಪನ್ನು ಬೈಯುತ್ತೇವೆ. ಡೇಟಾ ಇಲ್ಲದೆ ಫೋನೂ ನಿಂತರೆ ತಪ್ಪು ಲ್ಯಾಪ್‌ಟಾಪಿನದಲ್ಲ, ಪಿಜಿ ಮಾಲೀಕರಿಗೆ ಹೇಳಿ.

ಫೋನ್ ಆಗಲೂ ಓಡಿದರೆ? ರೌಟರಿನ ಪಕ್ಕದಲ್ಲೇ ಕೂತು ಎರಡರಲ್ಲೂ ವೈಫೈ ಪಟ್ಟಿ ತೆಗೆಯಿರಿ. ಕೊನೆಗೆ '5ಜಿ' ಅಂತ ಇರುವ ಹೆಸರು ಫೋನಿನಲ್ಲಿ ಕಂಡು ಲ್ಯಾಪ್‌ಟಾಪಿನಲ್ಲಿ ಕಾಣದಿದ್ದರೆ, ನಿಮ್ಮ ಕಾರ್ಡಿಗೆ 2.4 ಗಿಗಾಹರ್ಟ್ಸ್ ಎಂಬ ರೇಡಿಯೋ ಬ್ಯಾಂಡ್ ಮಾತ್ರ ಗೊತ್ತು ಅನ್ನಬಹುದು. (ಸಿಮ್ಮಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ, ಇದು ವೈಫೈಯ 5 ಗಿಗಾಹರ್ಟ್ಸ್ ಬ್ಯಾಂಡ್.) 2.4ರಲ್ಲಿ ಒಂದಕ್ಕೊಂದು ತಾಗದೆ ಓಡುವ ಚಾನಲ್, ಅಂದರೆ ಸಿಗ್ನಲ್ ಓಡುವ ದಾರಿ, ಮೂರೇ: 1, 6, 11. ಕಟ್ಟಡಕ್ಕೊಂದು ಪಿಜಿ ಇರುವ ಓಣಿಯಲ್ಲಿ ಸಂಜೆ ಕ್ಲಾಸ್ ಮುಗಿಸಿ ಬಂದವರೆಲ್ಲ ಒಟ್ಟಿಗೆ ವಿಡಿಯೋ ಹಚ್ಚಿದರೆ ಆ ಮೂರರಲ್ಲೇ ಎಲ್ಲರೂ ನುಗ್ಗಬೇಕು, ನಿಮ್ಮ ಲ್ಯಾಪ್‌ಟಾಪ್ ಅಲ್ಲಿ ಸಿಕ್ಕಿಕೊಂಡಿದೆ. ಫೋನ್ 5ರಲ್ಲಿ ಹಾಯಾಗಿದೆ.

ಕಾರ್ಡ್ ಬದಲಿಸುವ ಬದಲು ಡ್ಯುಯಲ್ ಬ್ಯಾಂಡ್ (2.4, 5 ಎರಡೂ ಹಿಡಿಯುವ) ಯುಎಸ್‌ಬಿ ವೈಫೈ ಅಡಾಪ್ಟರ್ ತನ್ನಿ, ಲ್ಯಾಪ್‌ಟಾಪ್ ಬಿಚ್ಚುವ ರಗಳೆಯೇ ಇಲ್ಲ. 'ಡ್ಯುಯಲ್ ಬ್ಯಾಂಡ್' ಅಂತ ಕೇಳಿಯೇ ತನ್ನಿ, ಜಾಸ್ತಿ ಅಗ್ಗದವು ಅದೇ 2.4ರವು ಇರುತ್ತವೆ. ಲ್ಯಾಪ್‌ಟಾಪಿಗೆ ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಚುಚ್ಚುವ ಜಾಗ) ಇದ್ದು ರೌಟರ್ ಹತ್ತಿರವಿದ್ದರೆ ಕೇಬಲ್ಲೇ ಎಲ್ಲಕ್ಕಿಂತ ಒಳ್ಳೆಯದು. ಒಂದು ಮಾತು, 5 ಗಿಗಾಹರ್ಟ್ಸ್ ಗೋಡೆ ದಾಟುವಾಗ ಬೇಗ ಸೋಲುತ್ತದೆ. ನಮ್ಮ ಹುಬ್ಬಳ್ಳಿ ಮನೆಯಲ್ಲಿ ಚೆಂದ ಕಾಣಲ್ಲ ಅಂತ ರೌಟರನ್ನು ಕಬ್ಬಿಣದ ಕಪಾಟಿನ ಹಿಂದೆ ಬಚ್ಚಿಟ್ಟಿದ್ದೆವು. ಕಪಾಟಿನ ಮೇಲಕ್ಕೆ ಎತ್ತಿಟ್ಟಿದ್ದೇ ತಡ, ಅಡುಗೆಮನೆವರೆಗೂ ಬಂತು.

ಆ '5ಜಿ' ಹೆಸರು ಲ್ಯಾಪ್‌ಟಾಪಿನಲ್ಲೂ ಕಂಡರೆ ಅದಕ್ಕೇ ಕನೆಕ್ಟ್ ಮಾಡಿ ಒಂದು ಸಂಜೆ ನೋಡಿ. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡುವಾಗ ಮಾತ್ರ ಕಟ್ ಆಗುತ್ತದೆಯೇ? ಹಾಗಿದ್ದರೆ ಡಿವೈಸ್ ಮ್ಯಾನೇಜರ್, ನೆಟ್‌ವರ್ಕ್ ಅಡಾಪ್ಟರ್ಸ್, ನಿಮ್ಮ ವೈಫೈ ಕಾರ್ಡಿನ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ. ಪವರ್ ಮ್ಯಾನೇಜ್‌ಮೆಂಟ್ ಕಂಡರೆ, ಬ್ಯಾಟರಿ ಉಳಿಸಲು ಸಾಧನ ಆಫ್ ಮಾಡುವ ಅನುಮತಿಯ ಟಿಕ್ ತೆಗೆಯಿರಿ.

ಪ್ರಶ್ನೆ: ವೈಫೈ ಕನೆಕ್ಟ್ ಆಗಿದೆ, ಆದರೆ ಯಾವ ಸೈಟ್ ತೆರೆದರೂ 'ಸುರಕ್ಷಿತವಲ್ಲ' ಅಂತ ತಡೆಯುತ್ತದೆ. ವೈರಸ್ಸೇ? (ರಾಣೆಬೆನ್ನೂರಿನ ಓದುಗರು)

ಉತ್ತರ: ಮೊದಲು ಲ್ಯಾಪ್‌ಟಾಪಿನ ತಾರೀಕು ನೋಡಿ. ಸೈಟುಗಳ ಸರ್ಟಿಫಿಕೇಟಿಗೆ (ಸೈಟ್ ಅಸಲಿ ಅನ್ನುವ ಗುರುತಿನ ಚೀಟಿಗೆ) ಶುರುವಾಗುವ ದಿನ, ಮುಗಿಯುವ ದಿನ ಇರುತ್ತದೆ. ನಿಮ್ಮ ಗಡಿಯಾರ 2015ರಲ್ಲೇ ನಿಂತಿದ್ದರೆ ಬ್ರೌಸರಿಗೆ ಎಲ್ಲವೂ ಸುಳ್ಳು ಅನ್ನಿಸುತ್ತದೆ. ಸರಿಮಾಡಿದರೂ ಪ್ರತಿಸಲ ಹಿಂದಕ್ಕೆ ಹೋದರೆ ಒಳಗಿನ ಸಣ್ಣ ನಾಣ್ಯದ ಬ್ಯಾಟರಿ ಮುಗಿದಿರುತ್ತದೆ.