ರಾತ್ರಿ ಮೂರು ಸಲ ಏಳುವುದಕ್ಕೆ ಬಿಪಿ ಕಾರಣವೇ?

ಪ್ರಶ್ನೆ: ನನಗೆ 58. ಬಿಪಿಗೆ ಅಮ್ಲೋಡಿಪಿನ್ ತಗೊಳ್ತೇನೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳಬೇಕು. ಪ್ರಾಸ್ಟೇಟ್ ದೊಡ್ಡದಾಗಿಲ್ಲವಂತೆ. ಮತ್ತೇನು ಕಾರಣ?
– ಓದುಗರು, ಕುಮಟಾ

ಉತ್ತರ: ಗಂಡಸರು ರಾತ್ರಿ ಎದ್ದರೆ ಸಾಕು, ಎಲ್ಲರೂ ಪ್ರಾಸ್ಟೇಟ್ ಮೇಲೇ ಗೂಬೆ ಕೂರಿಸುತ್ತಾರೆ. ನಿದ್ದೆಯಲ್ಲಿ ರಕ್ತದೊತ್ತಡ ಶೇ. 10ರಿಂದ 20ರಷ್ಟು ಇಳಿಯಬೇಕು. ಉಪ್ಪು ಜಾಸ್ತಿಯಾದ ಕೆಲವರಲ್ಲಿ ಅದು ಇಳಿಯುವುದಿಲ್ಲ. ಹಗಲು ಉಳಿದ ಉಪ್ಪನ್ನು ಮೂತ್ರಪಿಂಡ ರಾತ್ರಿ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಊಟದ ಕೊನೆಗೆ ಎರಡು ಲೋಟ ಅಪ್ಪೆಹುಳಿ ಕುಡಿದರೆ ನೀರು, ಉಪ್ಪು ಎರಡೂ ಒಟ್ಟಿಗೇ ಒಳಗೆ ಹೋದಂತೆ. ಒಣಮೀನು, ಮಿಡಿ ಉಪ್ಪಿನಕಾಯಿ ಸೇರಿ ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ದಾಟಬಾರದು, ಅಂದರೆ ಒಂದು ಟೀ ಚಮಚ.

ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಸಂಜೆ ಕಣಕಾಲನ್ನು ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದರೆ ಅಲ್ಲಿ ನೀರು ತುಂಬಿದೆ ಎಂದರ್ಥ; ಮಲಗಿದಾಗ ಆ ನೀರು ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಮಧ್ಯಾಹ್ನವೇ ಒಂದು ತಾಸು ಕಾಲು ಎತ್ತರಕ್ಕಿಟ್ಟು ಮಲಗಿ. ಮಾತ್ರೆ ಮಾತ್ರ ನೀವಾಗಿಯೇ ಬಿಡಬೇಡಿ.

ಒಂದು ದಿನ ಪ್ರತಿ ಸಲದ ಮೂತ್ರವನ್ನು ಅಳತೆಯ ಮಗ್ಗಿನಲ್ಲಿ ಅಳೆದು ಬರೆಯಿರಿ. ಬೆಳಗಿನ ಮೊದಲ ಮೂತ್ರ ಬಿಟ್ಟು ಶುರು ಮಾಡಿ, ಮರುದಿನದ ಮೊದಲನೆಯದನ್ನು ರಾತ್ರಿಯ ಲೆಕ್ಕಕ್ಕೆ ಸೇರಿಸಿ. ರಾತ್ರಿಯದು ಒಟ್ಟಿನ ಮೂರನೇ ಒಂದು ಭಾಗ ಮೀರಿದರೆ ರಾತ್ರಿ ಮೂತ್ರ ತಯಾರಾಗುವುದೇ ಹೆಚ್ಚು ಎಂದರ್ಥ. ಪ್ರತಿ ಸಲ ಸ್ವಲ್ಪಸ್ವಲ್ಪವೇ ಆದರೆ ಮೂತ್ರಕೋಶ ನೋಡಿಸಬೇಕು. ಈ ಚೀಟಿ, ಮನೆಯ ಬಿಪಿ ಲೆಕ್ಕ ಎರಡನ್ನೂ ಡಾಕ್ಟರಿಗೆ ತೋರಿಸಿ, ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಜೋರು ಗೊರಕೆಯಿದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವುದು ಬಿಪಿಯನ್ನೂ ಏರಿಸುತ್ತದೆ, ಮೂತ್ರವನ್ನೂ ಹೆಚ್ಚಿಸುತ್ತದೆ.