ಲ್ಯಾಪ್‌ಟಾಪಿನಲ್ಲಿ ನಡೆಯುವ ವಾರ್ ಫೈಲ್ ಸರ್ವರ್‌ನಲ್ಲಿ ಏಕೆ ಎಡವುತ್ತದೆ?

ವಿಂಡೋಸ್ ಲ್ಯಾಪ್‌ಟಾಪಿನ ಟಾಮ್‌ಕ್ಯಾಟ್ 9ರಲ್ಲಿ (ಜಾವಾ ವೆಬ್ ಅಪ್ಲಿಕೇಶನ್ ನಡೆಸುವ ಸರ್ವರ್ ತಂತ್ರಾಂಶ) ಸರಿಯಾಗಿ ನಡೆಯುತ್ತಿದ್ದ ವಾರ್ ಫೈಲನ್ನು (ಇಡೀ ಅಪ್ಲಿಕೇಶನ್ ಕಟ್ಟಿಟ್ಟ ಒಂದೇ ಫೈಲು) ಲಿನಕ್ಸ್ ಸರ್ವರ್‌ನ ಟಾಮ್‌ಕ್ಯಾಟ್ 10ಕ್ಕೆ ಹಾಕಿದಾಗ ಮೊದಲ ಪುಟ ಮಾತ್ರ ತೆರೆಯುತ್ತದೆ, ಉಳಿದ ಕಡೆಗೆಲ್ಲ 404, ಅಂದರೆ 'ಪುಟ ಸಿಗಲಿಲ್ಲ' ಎಂಬ ದೋಷ, ಬರುತ್ತದೆ ಎಂದಿದ್ದೀರಿ. ಎಲ್ಲ ಕಡೆಯೂ ನಡೆಯುವಂತೆ ಪ್ಯಾಕ್ ಮಾಡುವುದು ಹೇಗೆಂದೂ ಕೇಳಿದ್ದೀರಿ.

404ರ ಕಾರಣ ಬಹುಮಟ್ಟಿಗೆ ಹೆಸರಿನ ಬದಲಾವಣೆಯೇ ಇರಬೇಕು. ಜಾವಾ ವೆಬ್ ಅಪ್ಲಿಕೇಶನ್‌ಗಳ ಮಾನಕವಾದ ಜಕಾರ್ತಾ ಇಇಯ 2020ರ 9ನೇ ಆವೃತ್ತಿಯಲ್ಲಿ ಪ್ಯಾಕೇಜುಗಳ (ಕೋಡ್ ಗುಂಪುಗಳ) ಹೆಸರಿನ ಆರಂಭದ 'ಜಾವಾಎಕ್ಸ್' ಹೋಗಿ 'ಜಕಾರ್ತಾ' ಬಂದಿತು, ಟಾಮ್‌ಕ್ಯಾಟ್ 10 ಆ ಹೊಸ ಹೆಸರನ್ನಷ್ಟೇ ಬಲ್ಲದು. ಹಳೆಯ ಹೆಸರಿನ ವೆಬ್‌ಸರ್ವ್‌ಲೆಟ್ ಅನೋಟೇಶನ್ (ಯಾವ ವಿಳಾಸಕ್ಕೆ ಯಾವ ಕೋಡ್ ಉತ್ತರಿಸಬೇಕೆಂದು ಹೇಳುವ ಗುರುತು) ಅದರ ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ಲಾಗ್‌ನಲ್ಲಿ ದೋಷವೂ ಕಾಣುವುದಿಲ್ಲ. ಸದ್ಯಕ್ಕೆ ಸರ್ವರ್‌ನಲ್ಲೂ ಟಾಮ್‌ಕ್ಯಾಟ್ 9 ಹಾಕಿಸುವುದು ಸುಲಭ. ಮುಂದೆ ಕೋಡನ್ನೂ ಲೈಬ್ರರಿಗಳನ್ನೂ ಒಟ್ಟಿಗೇ ಬದಲಿಸಬೇಕಾಗುತ್ತದೆ, ಏಕೆಂದರೆ ಉದಾಹರಣೆಗೆ ಸ್ಪ್ರಿಂಗ್ ಎಂಬ ಲೈಬ್ರರಿಯಲ್ಲಿ ಸ್ಪ್ರಿಂಗ್ 5 ಹಳೆಯ ಹೆಸರಿನದು, ಸ್ಪ್ರಿಂಗ್ 6 ಹೊಸದರದು.

ಆದರೆ 404 ಕಣ್ಣಿಗೆ ಕಾಣುವ ತೊಂದರೆ. ಕಾಣದೆ ಕಾಡುವುದು ಅಕ್ಷರಗಳ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ಸಂಖ್ಯೆಗಳಾಗಿ ಬರೆದಿಡುವ ಕ್ರಮ. ನಾನು ಗಂಗಾವತಿಯಲ್ಲಿ ಕೆಲಸ ಮಾಡುವವನು. ಕಾರಟಗಿ ಕಡೆಯ ಒಂದು ಅಕ್ಕಿ ಗಿರಣಿಗೆ ಭತ್ತದ ಆವಕ ಬರೆದಿಡುವ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆ. ದಿನದ ಕೊನೆಗೆ ತೂಕದ ಪಟ್ಟಿಯನ್ನು ಫೈಲಿಗೆ ಇಳಿಸಿದರೆ 'ಹುಲಿಗೆಮ್ಮ' ಎಂಬ ಹೆಸರಿದ್ದಲ್ಲಿ ಒಂಬತ್ತು ಪ್ರಶ್ನಾರ್ಥಕ ಚಿಹ್ನೆಗಳು ಕೂತಿದ್ದವು. ಡೇಟಾಬೇಸ್‌ನಲ್ಲಿ ಹೆಸರು ಸರಿಯಾಗಿಯೇ ಇತ್ತು. ನಾನು ಎರಡು ದಿನ ಫಾಂಟನ್ನು ಶಂಕಿಸುತ್ತಾ ಕಳೆದೆ. ಆ ಒಂಬತ್ತೇ ಸುಳಿವಾಗಿತ್ತು: ಕಣ್ಣಿಗೆ ನಾಲ್ಕೇ ಅಕ್ಷರವಾದರೂ ಗುಣಿತದ ಚಿಹ್ನೆಗಳನ್ನೂ ಒತ್ತಕ್ಷರದ ವಿರಾಮವನ್ನೂ (ಅರ್ಧಾಕ್ಷರದ ಚಿಹ್ನೆ) ಯೂನಿಕೋಡ್ ಬೇರೆ ಬೇರೆಯಾಗಿ ಎಣಿಸುತ್ತದೆ, ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಆಸ್ಕಿ ಎನ್‌ಕೋಡಿಂಗ್‌ನಲ್ಲಿ ಬರೆಯಹೊರಟ ಜಾವಾ ಒಂದೊಂದಕ್ಕೂ ಒಂದು ಪ್ರಶ್ನಾರ್ಥಕ ಹಾಕಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಜಾವಾ 21. ಜಾವಾ 18ರಿಂದ ಡಿಫಾಲ್ಟ್ ಎನ್‌ಕೋಡಿಂಗ್ ಕನ್ನಡವನ್ನೂ ಬಲ್ಲ ಯುಟಿಎಫ್-8. ಸರ್ವರ್‌ನಲ್ಲಿದ್ದ ಜಾವಾ 11 ಅದನ್ನು ಆಪರೇಟಿಂಗ್ ಸಿಸ್ಟಮ್‌ನ ಲೊಕೇಲ್‌ನಿಂದ (ಭಾಷೆ, ಪ್ರದೇಶದ ಸೆಟ್ಟಿಂಗ್) ತೆಗೆದುಕೊಳ್ಳುತ್ತದೆ, ಅಲ್ಲಿ ಲೊಕೇಲನ್ನು ಯಾರೂ ಹೊಂದಿಸಿರಲಿಲ್ಲವಾದ್ದರಿಂದ ಆಸ್ಕಿಯೇ ಗತಿಯಾಯಿತು. ಆದ್ದರಿಂದ ಫೈಲಿಗೆ ಬರೆಯುವ ಫೈಲ್‌ರೈಟರ್ ಕ್ಲಾಸ್ ಬಳಸುವಲ್ಲೆಲ್ಲ ಯುಟಿಎಫ್-8 ಎಂದು ಕೋಡ್‌ನಲ್ಲೇ ಬರೆಯಿರಿ. ಜಾವಾ 11ರಿಂದ ಅದರ ಕನ್‌ಸ್ಟ್ರಕ್ಟರ್ ಇದನ್ನು ಸ್ವೀಕರಿಸುತ್ತದೆ. ಸರ್ವರ್‌ನ ಸೆಟ್ಟಿಂಗ್ ನಂಬಿದರೆ ಮುಂದಿನ ಸರ್ವರ್‌ನಲ್ಲಿ ಮತ್ತದೇ ಗೋಳು.

ಫೈಲುಗಳ ವಿಷಯದಲ್ಲಿ, 'ಡಿ' ಡ್ರೈವ್‌ನ ಹೆಸರು ಕೋಡ್‌ನಲ್ಲಿ ಎಲ್ಲಿಯೂ ಇರಬಾರದು. ವಾರ್ ಒಳಗಿನ ಫೈಲನ್ನು ಗೆಟ್‌ರಿಸೋರ್ಸ್‌ಆಸ್‌ಸ್ಟ್ರೀಮ್ ಎಂಬ ಮೆಥಡ್ ಮೂಲಕವೇ ಓದಿ. ವಾರ್ ಬಿಚ್ಚದೆ ನಡೆಸುವ ಸರ್ವರ್‌ನಲ್ಲಿ ಡಿಸ್ಕಿನ ಮೇಲಿನ ಜಾಗ ಹೇಳುವ ಗೆಟ್‌ರಿಯಲ್‌ಪಾತ್ ಮೆಥಡ್ ನಲ್ (ಏನೂ ಇಲ್ಲ) ಕೊಡುತ್ತದೆ. ಬಳಕೆದಾರರು ಅಪ್‌ಲೋಡ್ ಮಾಡಿದ್ದನ್ನು ಅಪ್ಲಿಕೇಶನ್‌ನ ಫೋಲ್ಡರ್‌ನಲ್ಲಿ ಇಡಬೇಡಿ, ಮರುನಿಯೋಜನೆಯಾದಾಗ ಅದು ಅಳಿಸಿಹೋಗುತ್ತದೆ. ಫೈಲಿನ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆಯೆಂದೇ ನೋಡುತ್ತದೆ ಎಂಬುದು ನಿಮಗೆ ಗೊತ್ತೇ ಇರುತ್ತದೆ.

ಡೇಟಾಬೇಸ್‌ನ ವಿಳಾಸ, ಪಾಸ್‌ವರ್ಡ್‌ಗಳು ವಾರ್ ಒಳಗೆ ಬೇಡ. ಕೋಡ್ ಜೆಎನ್‌ಡಿಐ (ಸರ್ವರ್‌ನಲ್ಲಿಟ್ಟ ವಿವರವನ್ನು ಹೆಸರಿನಿಂದ ಪಡೆಯುವ ವ್ಯವಸ್ಥೆ) ಹೆಸರನ್ನಷ್ಟೇ ಕೇಳಲಿ, ವಿವರ ಆಯಾ ಸರ್ವರ್‌ನಲ್ಲಿರಲಿ. ಈ ವಿವರವನ್ನು ವಾರ್‌ನ ಮೆಟಾ-ಇನ್ಫ್ ಫೋಲ್ಡರ್ ಒಳಗಿನ ಕಾಂಟೆಕ್ಸ್ಟ್ ಫೈಲಿನಲ್ಲಿ ಇಡಬಹುದಾದರೂ ಅದನ್ನು ಟಾಮ್‌ಕ್ಯಾಟ್ ಮಾತ್ರ ಓದುವುದರಿಂದ, ಮುಂದೆ ವೈಲ್ಡ್‌ಫ್ಲೈ ಎಂಬ ಇನ್ನೊಂದು ಸರ್ವರ್‌ಗೆ ಹೋದರೆ ಅದು ಉಪಯೋಗಕ್ಕೆ ಬಾರದು. ಸರ್ವ್‌ಲೆಟ್ ಎಪಿಐ ಜಾರ್ (ಲೈಬ್ರರಿ ಫೈಲು) ಸರ್ವರ್‌ನಲ್ಲೇ ಇರುವುದರಿಂದ, ವಾರ್ ಕಟ್ಟುವ ಸಾಧನವಾದ ಮೇವೆನ್‌ನಲ್ಲಿ ಅದನ್ನು 'ಪ್ರೊವೈಡೆಡ್' ಎಂದೇ ನಮೂದಿಸಿ.

ಸರ್ವರ್‌ನ ಜಾವಾ ಆವೃತ್ತಿ ಯಾವುದೆಂದು ತಿಳಿದುಕೊಂಡು, ಕಂಪೈಲರ್‌ನ 'ರಿಲೀಸ್' ಆಯ್ಕೆಗೆ ಅದೇ ಸಂಖ್ಯೆ ಕೊಡಿ. ನಾನೀಗ ವಾರ್ ಕಳಿಸುವ ಮೊದಲು, ಸರ್ವರ್‌ನಲ್ಲಿರುವ ಆವೃತ್ತಿಗಳನ್ನೇ ಲ್ಯಾಪ್‌ಟಾಪಿನ ಡಬ್ಲ್ಯುಎಸ್‌ಎಲ್‌ನಲ್ಲಿ (ವಿಂಡೋಸ್ ಒಳಗೇ ನಡೆಯುವ ಲಿನಕ್ಸ್) ಹಾಕಿಕೊಂಡು, ಲೊಕೇಲನ್ನು ಬೇಕೆಂದೇ 'ಸಿ' (ಯಾರೂ ಹೊಂದಿಸದಿದ್ದಾಗ ಇರುವ ಸ್ಥಿತಿ) ಮಾಡಿ, ಹುಲಿಗೆಮ್ಮನ ಹೆಸರಿನಲ್ಲಿ ಒಂದು ತೂಕದ ಚೀಟಿ ತೆಗೆದು ನೋಡುತ್ತೇನೆ.